ಮಾವನ ದೋಣಿಗೆ ಇನ್ಸೂರೆನ್ಸು

ನಮ್ಮ ಮಾವನಿಗೆ ತಲೆ ನೆಟ್ಟಗಿಲ್ಲ ಅಂತ ನಾನು ಯಾವತ್ತೂ ಹೇಳಿದವನಲ್ಲ. ಹೇಳುವ ಧೈರ್ಯವೂ ನನಗಿಲ್ಲ. ನಮ್ಮಮ್ಮನಿಗೆ ಇರುವುದು ಒಬ್ಬನೇ ತಮ್ಮ. ಅವನ ಮೇಲೆ ಒಂದು ಮಾತು ಆಡಿದರೆ ಎರಡು ದಿನ ನನ್ನ ತಟ್ಟೆಗೆ ತುಪ್ಪ ಬೀಳುವುದಿಲ್ಲ. ನಾನು ಹೇಳುವುದು ಇಷ್ಟೇ: ಇಡೀ ಚನ್ನಗಿರಿ ತಾಲ್ಲೂಕಿನಲ್ಲಿ ಲೈಫ್ ಜಾಕೆಟ್ ತೊಟ್ಟುಕೊಂಡು ಸಂತೆಗೆ ಹೋಗಿ ಹೀರೇಕಾಯಿ ಚೌಕಾಸಿ ಮಾಡಿದ ಮನುಷ್ಯ ಅವರೊಬ್ಬರೇ. ಸುಳ್ಳು ಅನ್ನಿಸಿದರೆ ಹೀರೇಕಾಯಿ ಮಾರಿದವಳನ್ನೇ ಕೇಳಿ, ಇನ್ನೂ ನಗುತ್ತಿದ್ದಾಳೆ!

ಮಾವ ಹುಟ್ಟಿ ಬೆಳೆದದ್ದು ಜಗಳೂರು ಕಡೆ. ಆ ಸೀಮೆಯಲ್ಲಿ ಮಳೆ ಬಂದರೆ ಜನ ಒಳಗೆ ಓಡುವುದಿಲ್ಲ, ಹೊರಗೆ ಬಂದು ನಿಲ್ಲುತ್ತಾರೆ. ಹುಡುಗರಾಗಿದ್ದಾಗಲೇ ಮೋಟ್ರು ರೀವೈಂಡಿಂಗ್ ಕಲಿತರು. ಹೊನ್ನಾಳಿ ಕಡೆಯ ನಮ್ಮ ಅತ್ತೆಯನ್ನು ಮದುವೆಯಾಗಿ ಕೆಲವು ವರ್ಷ ಜಗಳೂರಿನಲ್ಲೇ ಸಂಸಾರ ಮಾಡಿ, ಆಮೇಲೆ ಅಕ್ಕ ಇರುವ ಊರು ಅಂತ ಚನ್ನಗಿರಿಗೆ ಬಂದು ಅಂಗಡಿ ಹಾಕಿದರು. ಈಗ ಅರವತ್ತೇಳು. ಸುತ್ತಮುತ್ತಲಿನ ಬೋರ್‌ವೆಲ್ ಮೋಟ್ರುಗಳೆಲ್ಲ ಒಂದಲ್ಲ ಒಂದು ಸಲ ಮಾವನ ಕೈಯಲ್ಲಿ ಹೊಟ್ಟೆ ಬಿಚ್ಚಿಸಿಕೊಂಡವೇ. ಇಷ್ಟೆಲ್ಲ ನೀರು ಮೇಲೆತ್ತಿದ ಮನುಷ್ಯ ಸ್ವತಃ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದಿರಲಿಲ್ಲ. ಸ್ನಾನಕ್ಕೂ ತಂಬಿಗೆಯೇ, ಶವರ್ ಅಂದರೆ ಆಗದು.

ನಾನು ಇನ್ಸೂರೆನ್ಸ್ ಏಜೆಂಟ್. ಜೊತೆಗೆ ಒಂದು ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ನಾನು ಮಾವನ ಹಿಂದೆ ಬಿದ್ದಿದ್ದೇನೆ: ಮಾವ, ಒಂದು ಆರೋಗ್ಯದ ಪಾಲಿಸಿ ಮಾಡ್ಸಿ, ಅಂಗಡಿಗೆ ಬೆಂಕಿ ಪಾಲಿಸಿ ಮಾಡ್ಸಿ, ಹೋಗಲಿ ಆ ಮೊಪೆಡ್ಡಿಗಾದರೂ ಮಾಡ್ಸಿ! ಮಾವನ ಉತ್ತರ ಒಂದೇ: "ಅಳಿಯಾ, ಏನಾದ್ರೂ ಆದಾಗ ಬಾ, ಮಾತಾಡಣ." ಏನಾದರೂ ಆದಮೇಲೆ ಪಾಲಿಸಿ ಮಾಡುವ ಕಂಪನಿ ಇದ್ದಿದ್ದರೆ ನಾನು ಯಾಕೆ ಜೆರಾಕ್ಸ್ ಅಂಗಡಿ ಇಡುತ್ತಿದ್ದೆ?

ಇಂಥ ಮಾವ ಹೋದ ವರ್ಷ ಒಂದು ಬೆಳಗ್ಗೆ ನನ್ನ ಅಂಗಡಿಗೆ ಬಂದು, ಎದುರಿನ ಸ್ಟೂಲ್ ಎಳೆದುಕೊಂಡು ಕೂತು, "ಇನ್ಸೂರೆನ್ಸ್ ಮಾಡ್ಸಬೇಕು" ಅಂದರು. ನನ್ನ ಕೈಯಲ್ಲಿದ್ದ ಆಧಾರ್ ಕಾರ್ಡು ಜಾರಿ ಬಿತ್ತು. ಯಾರೋ ಗಿರಾಕಿಯದು.

"ಯಾವುದಕ್ಕೆ ಮಾವ?"

"ದೋಣಿಗೆ."

ದೋಣಿಯ ಕಥೆ ಹೀಗೆ. ಮಾವ ನ್ಯಾಮತಿಗೆ ಹೋಗಿದ್ದು ಹಳೇ ಪಂಪ್‌ಸೆಟ್ ತರಾಕೆ. ಅದನ್ನು ಮಾರುವವರು ಹಿಂದೊಮ್ಮೆ ಮೀನು ಸಾಕುವ ಉಮೇದಿನಲ್ಲಿ ಹೊಂಡ ತೋಡಿಸಿ, ಹೊಂಡದಲ್ಲಿ ಓಡಾಡಲು ಮೂರು ಜನ ಕೂರುವ ಫೈಬರ್ ದೋಣಿಯೊಂದನ್ನು ತಂದಿದ್ದರಂತೆ. ಮೀನು ಹೋದವು, ಹೊಂಡವೂ ಮುಚ್ಚಿತು, ದೋಣಿ ಮಾತ್ರ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮೊಟ್ಟೆ ಇಡಾಕೆ ಜಾಗ ಆಗಿತ್ತು. ಮಾವ ಪಂಪ್‌ಸೆಟ್ ಬಿಟ್ಟು ದೋಣಿ ತಂದರು. ಲಗೇಜ್ ಆಟೋದಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ದೋಣಿ, ದೋಣಿಯೊಳಗೆ ಮಾವ, ಹೀಗೆ ಚನ್ನಗಿರಿ ಬಸ್‌ಸ್ಟ್ಯಾಂಡ್ ಮುಂದೆ ಬಂದಿಳಿದರು. ಹೊಸ ಗಾಡಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ? ದೋಣಿಗೆ ಚಕ್ರ ಎಲ್ಲಿ? ಮಾವ ಒಂದು ಗಳಿಗೆ ಯೋಚನೆ ಮಾಡಿ ಆಟೋದ ಮೂರೂ ಚಕ್ರಕ್ಕೆ ಇಟ್ಟರು. ಆಟೋದವನು ಇವತ್ತಿಗೂ ಮಾವನನ್ನು ಕಂಡರೆ ನಿಲ್ಲಿಸಿ ನಮಸ್ಕಾರ ಮಾಡುತ್ತಾನೆ.

"ಇದು ಯಾತಕ್ಕೆ?" ಅಂತ ಕೇಳಿದರು ಅಂಗಡಿಗೆ ಅಂಟಿದ ಮನೆಯಿಂದ ಹೊರಗೆ ಬಂದ ಅತ್ತೆ.

ನಮ್ಮ ಅತ್ತೆಗೆ ಹೆಚ್ಚು ಮಾತಿಲ್ಲ. ಮಾವ ನೂರು ಆಡಿದರೆ ಅವರು ಒಂದು ಆಡುತ್ತಾರೆ, ಮನೆಯಲ್ಲಿ ನಡೆಯುವುದು ಆ ಒಂದೇ.

"ನಿನ್ನ ಕೂರಿಸ್ಕೊಂಡು ಸೂಳೆಕೆರೆಯಾಗೆ ಒಂದು ಸುತ್ತು ಹಾಕಾಕೆ" ಅಂದರು ಮಾವ.

ಅತ್ತೆ ದೋಣಿಯನ್ನು ನೋಡಿದರು. ಮಾವನನ್ನು ನೋಡಿದರು. "ಮೊದಲು ಇನ್ಸೂರೆನ್ಸ್ ಮಾಡ್ಸಿ. ಆಮೇಲೆ ನೋಡಣ" ಅಂದು ಒಳಗೆ ಹೋದರು. ಹೆಂಗಸಿಗೆ ನೀರು ಕಂಡರೆ ಭಯ, ಪಾಪ, ನಯವಾಗಿ ತಪ್ಪಿಸಿಕೊಂಡರು ಅಂತ, ಮಾವ ಇದನ್ನು ಹೇಳಿದಾಗ ನಾನು ಅಂದುಕೊಂಡೆ. ಮಾವ ಮಾತ್ರ ಅದನ್ನು ಷರತ್ತು ಅಂತ ತಿಳಿದು, ಅದಕ್ಕೇ ಮರುದಿನ ನನ್ನ ಸ್ಟೂಲಿನ ಮೇಲೆ ಬಂದು ಕೂತಿದ್ದರು. ಅತ್ತೆಯನ್ನು ಒಂದು ಸಲ ಆ ದೋಣಿಯಲ್ಲಿ ಕೂರಿಸಬೇಕು, ಮಾವನಿಗೆ ಬೇರೇನೂ ಬೇಡ. ಯಾಕೆ ಅಂತ ಕೇಳಿದರೆ, "ನಿನಗ್ಯಾಕೆ? ನೀನು ಪಾಲಿಸಿ ಮಾಡು" ಅಂತಿದ್ದರು.

ನಾನು ದಾವಣಗೆರೆ ಆಫೀಸಿಗೆ ಫೋನ್ ಮಾಡಿದೆ. "ಚನ್ನಗಿರಿಗೆ ಸಮುದ್ರ ಯಾವಾಗ ಬಂತ್ರಿ?" ಅಂತ ಆ ಕಡೆಯವರು ನಕ್ಕರು. ನಕ್ಕು ಮುಗಿಸಿ, ಅಂಥದ್ದೊಂದು ಪಾಲಿಸಿ ನಮ್ಮಲ್ಲೂ ಉಂಟು, ಈವರೆಗೆ ಯಾರೂ ಕೇಳಿರಲಿಲ್ಲ ಅಷ್ಟೇ, ಅಂತ ಒಂದು ಫಾರಂ ಕಳಿಸಿದರು. ಫಾರಮ್ಮಿನ ಮೊದಲ ಪ್ರಶ್ನೆಯೇ ದೋಣಿ ತಂಗುವ ಬಂದರು ಯಾವುದು ಅಂತ. ಮಾವ ದಪ್ಪ ಅಕ್ಷರದಲ್ಲಿ "ಬಸ್‌ಸ್ಟ್ಯಾಂಡ್ ಹಿಂಭಾಗ, ಮೋಟ್ರು ಅಂಗಡಿ ಶೆಡ್ಡು" ಅಂತ ಬರೆದರು.

ಕವರು ಮೂರು ಥರ ಇದ್ದವು. ದೋಣಿಗೆ ಏಟಾದರೆ, ಕಳುವಾದರೆ, ಮುಳುಗಿದರೆ ಕೊಡುವುದು ಒಂದು. ನಮ್ಮ ದೋಣಿಯಿಂದ ಬೇರೆಯವರಿಗೆ ನಷ್ಟವಾದರೆ ಕೊಡುವುದು ಇನ್ನೊಂದು. ಒಳಗೆ ಕೂತವರಿಗೆ ಏನಾದರೂ ಆದರೆ ಕೊಡುವುದು ಮೂರನೆಯದು. ಮೂರೂ ತಗೊಳ್ಳಬಹುದು, ಒಂದೋ ಎರಡೋ ಬಿಡಲೂಬಹುದು. ಇಷ್ಟು ಹೇಳಲು ನನಗೆ ಐದು ನಿಮಿಷ ಸಾಕಾಯಿತು. ಇದನ್ನು ಮಾವ ವಿಚಾರ ಮಾಡಲು ಹತ್ತು ದಿನ ತಗೊಂಡರು. ಹತ್ತೂ ದಿನ ಬೆಳಗ್ಗೆ ಒಂಬತ್ತಕ್ಕೆ ಸ್ಟೂಲಿನ ಮೇಲೆ ಹಾಜರ್!

"ಬೇರೆಯವರಿಗೆ ಗುದ್ದಿದ್ರೆ ಅಂತೀಯಲ್ಲ, ಅಷ್ಟು ದೊಡ್ಡ ಕೆರೆಯಾಗೆ ಹುಡುಕ್ಕೊಂಡು ಹೋಗಿ ಯಾರಿಗೆ ಗುದ್ದಲಿ?"

"ಮೀನು ಹಿಡಿಯೋರ ತೆಪ್ಪ ಇರ್ತವಲ್ಲ ಮಾವ."

"ಅವರೇ ಬಂದು ನಮಗೆ ಗುದ್ದಿದ್ರೆ?"

"ಆಗ ಅವರ ಇನ್ಸೂರೆನ್ಸ್ ಕೊಡ್ತೈತೆ."

"ಅವರು ಮಾಡ್ಸಿದಾರಾ?"

"ಇಲ್ಲ."

"ಮತ್ತೆ ಕೆರೆಯಾಗೆಲ್ಲ ನಾನೊಬ್ಬನೇ ಬೆಪ್ಪನಾ?"

ಮರುದಿನ ಇನ್ನೊಂದು. "ಬ್ಯಾಸಗೀಲಿ ಕೆರೆ ಇಳಿದಾಗ ದೋಣಿ ಶೆಡ್ಡಾಗೆ ಇರ್ತೈತಲ್ಲ, ಆವಾಗ ಯಾಕೆ ಪ್ರೀಮಿಯಂ?"

"ಅದಕ್ಕೆ ರಿಯಾಯ್ತಿ ಐತೆ ಮಾವ. ಆ ತಿಂಗಳುಗಳಿಗೆ ಮುಳುಗೋ ಕವರು ಇರಲ್ಲ, ಕಡಿಮೆ ಆಗ್ತೈತೆ."

ಮಾವ ಬಹಳ ಹೊತ್ತು ಗೋಡೆ ನೋಡಿದರು. "ಹಂಗಾದ್ರೆ ಶೆಡ್ಡಾಗೆ ಇದ್ದಾಗ ಮುಳುಗಿದ್ರೆ?"

ಇಪ್ಪತ್ತು ವರ್ಷದ ಅನುಭವ ನನ್ನದು, ನಾನೂ ಗೋಡೆ ನೋಡಿದೆ.

ಸವಕಳಿಗೆ ಪರಿಹಾರ ಇಲ್ಲ ಅಂದಾಗ ಮಾವನಿಗೆ ಸಿಟ್ಟೇ ಬಂತು. "ಸವೆಯೋದು ಬಿಟ್ಟು ವಸ್ತುವಿಗೆ ಇನ್ನೇನಲೇ ಆಗ್ತೈತೆ? ಆಗೋದಕ್ಕೆ ಕೊಡಲ್ಲ, ಆಗದೇ ಇರೋದಕ್ಕೆಲ್ಲ ಕೊಡ್ತಾರೆ!" ನನ್ನ ಅಂಗಡಿಯಲ್ಲಿ ಪಹಣಿ ಜೆರಾಕ್ಸಿಗೆ ನಿಂತಿದ್ದ ಕತ್ತಲಗೆರೆಯ ಇಬ್ಬರು ರೈತರು, "ಖರೇ ಮಾತು ಬಿಡ್ರಿ ಯಜಮಾನ್ರೇ" ಅಂತ ತಲೆಯಾಡಿಸಿದರು. ಅವರಿಬ್ಬರಿಗೂ ಪಾಲಿಸಿ ಮಾಡಿಸಬೇಕು ಅಂತ ನಾನು ಒಂದು ವರ್ಷದಿಂದ ಬೆನ್ನು ಹತ್ತಿದ್ದೆ. ಆವತ್ತಿಂದ ಅವರು ಜೆರಾಕ್ಸಿಗೂ ಬೇರೆ ಅಂಗಡಿಗೆ ಹೋಗುತ್ತಾರೆ.

ಫಾರಮ್ಮಿನಲ್ಲಿ ಲೈಫ್ ಜಾಕೆಟ್ ಕಡ್ಡಾಯ ಅಂತ ಇತ್ತು. ಮಾವ ದಾವಣಗೆರೆಗೆ ಹೋಗಿ ಕಿತ್ತಳೆ ಬಣ್ಣದ ಎರಡು ಜಾಕೆಟ್ ತಂದರು. ಒಂದನ್ನು ಅತ್ತೆ ಅಕ್ಕಿ ಡಬ್ಬದ ಮೇಲೆ ಮಡಿಸಿಟ್ಟರು. ಇನ್ನೊಂದನ್ನು ಮಾವ ಮೈಮೇಲೆ ಹಾಕಿಕೊಂಡವರು ತೆಗೆಯಲೇ ಇಲ್ಲ. ಹೊಸ ಚಪ್ಪಲಿ ಕಚ್ಚಿದ ಹಾಗೆ ಇದೂ ಕಚ್ಚಬಾರದು, ಮೊದಲೇ ಪಳಗಿಸಬೇಕು ಅನ್ನುವುದು ಅವರ ವಾದ. ಪಳಗಿಸಲು ಅಂಗಡಿಗೆ ಹೋದರು, ನೆಂಟರ ಮನೆಯ ನಾಮಕರಣಕ್ಕೆ ಹೋದರು, ಸಂತೆಗೂ ಹೋದರು. ಅಲ್ಲೇ ಆ ಹೀರೇಕಾಯಿ ಪ್ರಸಂಗ! ಬರುವಾಗ ಪೊಲೀಸಿನವರು ಮೊಪೆಡ್ ಅಡ್ಡ ಹಾಕಿ, "ಹೆಲ್ಮೆಟ್ ಎಲ್ರೀ ಯಜಮಾನ್ರೇ?" ಅಂದಿದ್ದಾರೆ. ಮಾವ ಎದೆ ತಟ್ಟಿ ಜಾಕೆಟ್ ತೋರಿಸಿ, "ಇದು ಅದಕ್ಕಿಂತ ದೊಡ್ಡದಲ್ರೀ!" ಅಂದಿದ್ದಾರೆ. ಪೊಲೀಸಿನವರು ದಂಡ ಹಾಕಿದರು, ಆಮೇಲೆ ಜಾಕೆಟ್ ಎಲ್ಲಿ ಸಿಕ್ಕಿತು ಅಂತ ವಿಚಾರಿಸಿದರಂತೆ.

ಇದಾದ ಮೇಲೆ ದೋಣಿಯನ್ನು ನೋಡಿ ಬೆಲೆ ಕಟ್ಟಲು ದಾವಣಗೆರೆಯಿಂದ ಸರ್ವೇಯರ್ ಬಂದ. ತೆಳ್ಳಗಿನ, ಬಹಳ ಮರ್ಯಾದೆಯ ಹುಡುಗ. ಟೇಪು ಹಿಡಿದು ಅಳೆದ, ಫೋಟೋ ತೆಗೆದ, ದೋಣಿಯ ಮೂತಿಯ ಹತ್ತಿರ ಬಂದವನು ಹಾಗೇ ನಿಂತ. ಫಾರಮ್ಮಿನಲ್ಲಿ ನೋಂದಣಿ ನಂಬರ್ ಕೇಳಿದ್ದರು ಅಂತ ಮಾವ ಹಿಂದಿನ ದಿನ ಕರಿ ಬಣ್ಣದಲ್ಲಿ ತಮ್ಮ ಮೊಪೆಡ್ಡಿನ ನಂಬರನ್ನೇ ಬರೆದಿದ್ದರು!

"ಸರ್, ಇದು ಕೆಎ ಹದಿನೇಳು ಅಂತ ಐತಲ್ರಿ?"

"ದಾವಣಗೆರೆ ಜಿಲ್ಲೆಯಾಗೆ ಇರೋ ದೋಣಿಗೆ ಮತ್ತೇನು ಮಂಗಳೂರು ನಂಬರ್ ಹಾಕ್ತಾರೇನ್ರೀ?"

ಹುಡುಗ ತಲೆ ಕೆರೆದುಕೊಂಡು ಮುಂದಿನ ಪ್ರಶ್ನೆಗೆ ಹೋದ. "ಇದರ ಬೆಲೆ ಎಷ್ಟು ಅಂತ ಬರಕೊಳ್ಳಲಿ ಸರ್?"

ಇಲ್ಲಿ ಒಂದು ವಿಷಯ ಹೇಳಬೇಕು. ಮಾವನ ಅಪ್ಪ, ಅಂದರೆ ನಮ್ಮಜ್ಜ, ದನದ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವರು ಮಾರುವವರು ಕೈ ಕೈ ಹಿಡಿದು, ಮೇಲೊಂದು ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು. ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗಬಾರದು. ನಮ್ಮಜ್ಜ ಹೋಗಿ ಎಷ್ಟೋ ವರ್ಷವಾಯಿತು, ದನದ ಸಂತೆಯೂ ಮೊದಲಿನಂತಿಲ್ಲ, ಆದರೆ ಮಾವನಿಗೆ ಇಂದಿಗೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ನಾಚಿಕೆಗೇಡು. ಮೋಟ್ರು ರಿಪೇರಿಯ ಮಜೂರಿಯೂ ಟವೆಲ್ ಕೆಳಗೇ. ಆ ದೋಣಿಯನ್ನು ಕೊಂಡದ್ದೂ ಹಾಗೇ.

ದೋಣಿ ಅಳೆಯುವುದನ್ನು ನೋಡಲು ಬೀದಿಯವರೆಲ್ಲ ಸೇರಿದ್ದರು. ಮಾವ ಒಮ್ಮೆ ಸುತ್ತ ನೋಡಿ, ಹೆಗಲ ಟವೆಲ್ ತೆಗೆದು, ಹುಡುಗನ ಕೈ ಹಿಡಿದು ಮುಚ್ಚಿದರು. ಹುಡುಗನಿಗೆ ಇದೇನು ಗೊತ್ತು? ಹಿರಿಯರು ಪ್ರೀತಿಯಿಂದ ಕೈ ಕೊಟ್ಟರು, ಈ ಊರಿನ ಮರ್ಯಾದೆ ಹೀಗಿರಬಹುದು ಅಂತ ಐದೂ ಬೆರಳನ್ನು ತನ್ನೆರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಮೂರು ಸಲ ಕುಲುಕಿದ. ಮಾವನ ಮುಖ ಅರಳಿಹೋಯಿತು!

"ಆತು ಬಿಡ್ರಿ! ವ್ಯವಹಾರ ಅಂದ್ರೆ ಹಿಂಗಿರಬೇಕು! ಏ, ಇವರಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸು!"

ಹುಡುಗ ಎರಡು ತಟ್ಟೆ ಮಂಡಕ್ಕಿ ತಿಂದ. ಹೋಗುವ ಮುಂಚೆ ಪೆನ್ನು ತೆಗೆದು, "ಸರ್, ದೋಣಿ ನಡೆಸೋರು ಯಾರು?" ಅಂದ.

"ನಾನೇ."

"ಈಜು ಬರ್ತೈತಲ್ರಿ?"

"ಇಲ್ಲ" ಅಂದರು ಮಾವ, ಯಾವ ಮುಜುಗರವೂ ಇಲ್ಲದೆ. ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಇದನ್ನು ಕೇಳಿಸಿಕೊಂಡರು.

ವಾರದಲ್ಲಿ ರಿಪೋರ್ಟ್ ಬಂತು. ಮಾವ ತಿಳಿದುಕೊಂಡಿದ್ದ ಬೆಲೆಯ ಮೂರನೇ ಒಂದು ಭಾಗವೂ ಅದರಲ್ಲಿ ಇರಲಿಲ್ಲ. ಇವತ್ತು ಮಾರಿದರೆ ಬರುವ ಬೆಲೆ ಹಾಕಿದ್ದಾರೆ ಮಾವ, ಒಪ್ಪಿತ ಬೆಲೆ ಅಂತ ಇನ್ನೊಂದು ಐತೆ, ಅದಕ್ಕೆ ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು, ಅಂತ ನಾನು ತಿಳಿಸಿ ಹೇಳಿದೆ.

"ಒಪ್ಪಿಲ್ವೇನಲೇ? ಬೀದಿ ಜನರ ಮುಂದೆ ಟವೆಲ್ ಕೆಳಗೆ ಒಪ್ಪಿದಾನೆ! ಒಂದು ಸಲ ಅಲ್ಲ, ಮೂರು ಸಲ ಕುಲುಕಿದಾನೆ! ನಮ್ಮಪ್ಪನ ಕಾಲದಾಗೆ ಹಿಂಗೆ ಮಾಡಿದ್ರೆ ಸಂತೆಗೇ ಸೇರಿಸ್ತಿರಲಿಲ್ಲ!"

ಕಂಪನಿಗೆ ಏನಂತ ಪತ್ರ ಬರೆಯಲಿ? ನಿಮ್ಮ ಸರ್ವೇಯರ್ ಇಂಥ ದಿನ ಐದು ಬೆರಳು ಹಿಡಿದಿರುತ್ತಾರೆ ಅಂತಲೇ?

ಆದರೆ ನಿಜವಾದ ತೊಡಕು ಆ ಬೆಲೆಯದಲ್ಲ, ಕೆಳಗಿನ ಒಂದು ಸಾಲಿನದು. ನಡೆಸುವವರಿಗೆ ಈಜು ಬರದಿದ್ದರೆ ಪಾಲಿಸಿ ಕೊಡಲು ಬರುವುದಿಲ್ಲ. ಪಾಲಿಸಿ ಇಲ್ಲ ಅಂದರೆ ಅತ್ತೆ ದೋಣಿ ಹತ್ತುವುದಿಲ್ಲ. ಮಾವ ಆ ಸಾಲನ್ನು ಎರಡು ಸಲ ಓದಿಸಿಕೊಂಡು, "ಹಂಗಾದ್ರೆ ಕಲಿಯಣ" ಅಂದರು. ಅರವತ್ತಾರನೇ ವಯಸ್ಸಿಗೆ!

ತ್ಯಾವಣಿಗೆ ಹತ್ತಿರ ಭದ್ರಾ ನಾಲೆಯ ಮೆಟ್ಟಿಲಿಗೆ ಮೂರು ಬೆಳಗ್ಗೆ ನಾನೇ ಬೈಕಿನಲ್ಲಿ ಕರೆದೊಯ್ದೆ. ಜಾಕೆಟ್ಟಿನ ಮೇಲೊಂದು ಟ್ರ್ಯಾಕ್ಟರ್ ಟ್ಯೂಬು. ಮೊದಲ ದಿನ ಎರಡನೇ ಮೆಟ್ಟಿಲು, ಎರಡನೇ ದಿನವೂ ಎರಡನೇ ಮೆಟ್ಟಿಲು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಯಜಮಾನ್ರೇ, ಅಲ್ಲೇ ನಿಂತಿರ್ತೀರಿ ಅಂದ್ರೆ ಈ ಬಕೆಟ್ ಹಿಡಕೊಳ್ರಿ" ಅಂತ ಒಗೆದ ಬಟ್ಟೆ ಕೊಟ್ಟರು. ಮೂರನೇ ದಿನ ರೋಷ ಬಂದು ಮೂರನೇ ಮೆಟ್ಟಿಲಿಗೆ ಕಾಲಿಟ್ಟವರೇ ಪಾಚಿಯಲ್ಲಿ ಜಾರಿದರು. ಟ್ಯೂಬು ಒಂದು ಕಡೆ ಹೋಯಿತು, ಮಾವ ಒಂದು ಕಡೆ ಹೋದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಆ ಹೆಂಗಸರೇ ಜಾಕೆಟ್ ಹಿಡಿದು ದಡಕ್ಕೆ ಎಳೆದು ಹಾಕಿದ್ದರು. ಅಲ್ಲಿ ಎದೆಮಟ್ಟದ ನೀರೂ ಇರಲಿಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನನಗೆ ಯಾವ ಸುತ್ತೂ ಬ್ಯಾಡ. ನಾಳೆನೇ ಆ ದೋಣಿ ನ್ಯಾಮತಿಗೆ ವಾಪಸ್ ಹೋಗಬೇಕು. ಏನಂದ್ಕೊಂಡಿದೀರಿ ನೀವು? ಏನಾದ್ರೂ ಆಗಿದ್ರೆ ನಾನೇನು ಮಾಡಬೇಕಿತ್ತು?"

ಮಾವ ಒದ್ದೆ ಜಾಕೆಟ್ ಬಿಚ್ಚಿ ಹಗ್ಗದ ಮೇಲೆ ಹಾಕಿದರು. ನನ್ನನ್ನು ಕಳಿಸಲು ಗೇಟಿನ ತನಕ ಬಂದವರು ಮೆಲ್ಲಗೆ ಅಂದರು: "ಒಂದೇ ಒಂದು ಸಲ ಕೂರಿಸಬೇಕಿತ್ತು ಕಣಲೇ. ಆಮೇಲೆ ವಾಪಸ್ ಕೊಟ್ರೂ ಚಿಂತೆ ಇರಲಿಲ್ಲ."

ಮನಸ್ಸು ತಡೆಯದೆ, ದೋಣಿ ವಾಪಸ್ ಹೋಗುವ ಮುಂಚೆ ನಾನೇ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದೆ. ದೋಣಿಯ ಯಜಮಾನರೇ ನಡೆಸಬೇಕು ಅಂತೇನಿಲ್ಲ, ಈಜು ಬರುವ ಇನ್ನೊಬ್ಬರ ಹೆಸರು ಬರೆದು ಅವರ ಸಹಿ ಹಾಕಿಸಿದರೆ ಸಾಕು ಅಂದರು. ಮೀನು ಹಿಡಿಯುವವರಲ್ಲಿ ಒಬ್ಬರನ್ನು ಗೊತ್ತು ಮಾಡಿದರಾಯಿತು ಮಾವ, ಅಂತ ಹೊಸ ಫಾರಂ ಕೊಟ್ಟೆ. ಮಾವ ಅದನ್ನು ಮನೆಗೂ ಒಯ್ಯಲಿಲ್ಲ, ಸ್ಟೂಲಿನ ಮೇಲೇ ಕೂತು ಬರೆದು, ಮಡಿಸಿ ನನ್ನ ಕೈಗಿಟ್ಟು ಹೊರಟುಹೋದರು.

ಬಿಡಿಸಿ ನೋಡುತ್ತೇನೆ! ನಡೆಸುವವರ ಹೆಸರಿನ ಮುಂದೆ ಅತ್ತೆಯ ಹೆಸರು. ಈಜು: ಬರುತ್ತದೆ. ಅನುಭವ: ಮದುವೆಗೆ ಮುಂಚಿನಿಂದ. ಪ್ರಯಾಣಿಕ: "ನಾನು", ಅಂದರೆ ಮಾವ.

ನನಗೆ ರೇಗಿತು. ಸುಳ್ಳು ಬರೆದರೆ ನಾಳೆ ಕ್ಲೇಮು ಹೋಗುತ್ತದೆ, ಜೊತೆಗೆ ನನ್ನ ಲೈಸೆನ್ಸೂ ಹೋಗುತ್ತದೆ. ಮಾವನ ಹುಚ್ಚಾಟ ಅತಿಯಾಯಿತು ಅಂತ ಸಂಜೆ ನೇರ ಅವರ ಮನೆಗೆ ಹೋಗಿ, ಅವರಿಬ್ಬರ ಮುಂದೆಯೇ ಫಾರಂ ಇಟ್ಟೆ. "ಅತ್ತೆ, ನೀವೇ ಓದ್ರಿ. ನಿಮ್ಮ ಯಜಮಾನ್ರು ಏನು ಬರೆದಿದಾರೆ ನೋಡ್ರಿ."

ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಓದಿ ಮುಗಿದರೂ ಕಾಗದದಿಂದ ಕಣ್ಣು ತೆಗೆಯಲಿಲ್ಲ. ಅವರು ನಗುತ್ತಾರೆ ಅಥವಾ ಬೈಯುತ್ತಾರೆ ಅಂತ ನಾನು ಕಾದೆ.

"ಇದು ನಿಮಗೆ ಯಾರು ಹೇಳಿದ್ರು?" ಅಂದರು, ಬಹಳ ಸಣ್ಣ ಧ್ವನಿಯಲ್ಲಿ.

ಮಾವ ತಿರುಗುವ ಫ್ಯಾನು ನೋಡುತ್ತಿದ್ದರು. "ಯಾರೂ ಹೇಳಿಲ್ಲ. ನಾನೇ ನೋಡೀನಿ."

"ಯಾವಾಗ?"

"ನಿನ್ನ ನೋಡಾಕೆ ಬಂದ ದಿನ. ಬಸ್ಸು ಬೇಗ ಮುಟ್ಟಿಬಿಡ್ತು. ಹೊತ್ತು ಕಳೆಯಾಕೆ ಅಂತ ನಿಮ್ಮೂರ ಹೊಳೆ ಕಡೆ ಹೋದೆ. ಅಷ್ಟು ನೀರು ನಾನು ನೋಡಿದ್ದೇ ಅವತ್ತು. ಒಂದು ಹುಡುಗಿ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು, ಒಬ್ಬಳೇ ಹರಿಗೋಲು ಹಾಕ್ಕೊಂಡು ಆಚೆ ದಡದಿಂದ ಬರ್ತಿದ್ಲು. ನಡು ಹೊಳೆಯಾಗೆ ಹುಟ್ಟು ಕೈ ಜಾರಿ ನೀರಿಗೆ ಬಿತ್ತು. ನಾನು ದಡದಾಗೆ ನಿಂತು ಅಯ್ಯಯ್ಯೋ ಅಂತ ಕೂಗ್ಕೊಂಡೆ. ಆ ಹುಡುಗಿ ದುಡುಮ್ ಅಂತ ಹಾರಿ, ಹುಟ್ಟು ಹಿಡಕೊಂಡು, ಹರಿಗೋಲು ತಳ್ಕೊಂಡು ಈಜ್ತಾ ದಡಕ್ಕೆ ಬಂದ್ಲು. ನಗ್ತಾ ಬಂದ್ಲು!"

ಅತ್ತೆ ಕನ್ನಡಕ ತೆಗೆದರು.

"ಒಂದು ತಾಸು ಆದಮ್ಯಾಲೆ ಅದೇ ಹುಡುಗಿ ತಲೆ ಬಗ್ಗಿಸ್ಕೊಂಡು ನನಗೆ ಕಾಫಿ ತಂದುಕೊಟ್ಲು. ಕೂದಲು ಇನ್ನೂ ಹಸಿ ಇತ್ತು. ಭಾಳ ಮೆತ್ತಗಿನ ಹುಡುಗಿ, ಹೊಸಲು ದಾಟಿದವಳಲ್ಲ, ಅಂದ್ರು ನಿಮ್ಮಪ್ಪ. ನಾನು ಹ್ಞೂಂ ಅಂದೆ. ಅವರು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಚಿ ಹೇಳಲಿ? ಆಮೇಲೆ ಜಗಳೂರಿಗೆ ಕರಕೊಂಡು ಬಂದೆ. ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಕೊಂಡು ಓಡ್ತಿದ್ದೆ ನೀನು. ಒಂದು ದಿನಕ್ಕಾದ್ರೂ ಹೊಳೆ ನೆನಪಾಗ್ತೈತೆ ಅನ್ನಲಿಲ್ಲ. ಅನ್ನಬೇಕಿತ್ತು. ನಾನಾದ್ರೂ ಕೇಳಬೇಕಿತ್ತು."

ಅತ್ತೆ ನನ್ನ ಕಡೆ ತಿರುಗಿದರು.

"ನಾನು ನೀರಿಗೆ ಹೆದರಿ ಬ್ಯಾಡ ಅಂದಿದ್ದಲ್ಲಪ್ಪ. ಇವರಿಗೆ ಈಜು ಬರಲ್ಲ. ಚನ್ನಗಿರಿಯಾಗೆ ದೋಣಿಗೆ ಇನ್ಸೂರೆನ್ಸ್ ಯಾರು ಕೊಡ್ತಾರೆ, ಕೇಳಿ ಕೇಳಿ ಸುಮ್ಮನಾಗ್ತಾರೆ ಅಂದ್ಕೊಂಡಿದ್ದೆ. ಸಹಿ ಎಲ್ಲಿ ಹಾಕಬೇಕು ತೋರಿಸು."

ಅತ್ತೆ ಸಹಿ ಹಾಕಿದರು. ಮೂರು ಕವರಿನಲ್ಲಿ ಯಾವುದು ಬೇಕು ಅಂತ ಕೇಳಿದೆ. ದೋಣಿಯ ಬೆಲೆಗಾಗಿ ಅಷ್ಟು ಜಗಳ ಕಾದಿದ್ದ ಮಾವ ಪೆನ್ನು ಇಸಕೊಂಡು ದೋಣಿಯ ಕವರನ್ನೇ ಹೊಡೆದು ಹಾಕಿದರು. "ಅದು ಮುಳುಗಿದ್ರೆ ಮುಳುಗ್ಲಿ. ಬೇರೆಯವರಿಗೆ ಆದ್ರೆ ಕೊಡೋದು ಇರಲಿ, ಒಳಗೆ ಕೂತೋರದ್ದು ಇರಲಿ."

ಪಾಲಿಸಿ ಬಂತು. ಕೆರೆಗೆ ಇಳಿಸಲು ಬೇಕಾದ ಅನುಮತಿಯೂ ಬಂತು. ಒಂದು ಭಾನುವಾರ ಬೆಳಗ್ಗೆ ಸೂಳೆಕೆರೆಯ ದಡದಲ್ಲಿ ದೋಣಿ ಇಳಿಸಿದೆವು. ಮಾವ ಜಾಕೆಟ್ ತೊಟ್ಟು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, ಕಣ್ಣು ಅರ್ಧ ಮುಚ್ಚಿ ಕೂತರು. ಅತ್ತೆ ಸೆರಗನ್ನು ಬಿಗಿದು ಜಾಕೆಟ್ ಹಾಕಿಕೊಂಡು, ಹುಟ್ಟನ್ನು ಕೈಯಲ್ಲಿ ಒಮ್ಮೆ ತೂಗಿ ನೋಡಿ, ಒಂದೇ ಏಟಿಗೆ ದೋಣಿಯನ್ನು ದಡದಿಂದ ಬಿಡಿಸಿದರು. ನಾಲ್ಕು ಏಟಿಗೆ ಅದು ದಡದಿಂದ ಎಷ್ಟೋ ದೂರ ಹೋಯಿತು. ಅಲ್ಲಿ ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವರು ಬಲೆ ಎಳೆಯುವುದು ಬಿಟ್ಟು ನಮ್ಮ ಅತ್ತೆಯನ್ನು ನೋಡಿದರು.

ಅಷ್ಟು ದೂರದಿಂದ ಮಾವನ ಧ್ವನಿ ಬಂತು. ಭಯ ಎಲ್ಲಿ ಹೋಗಿತ್ತೋ, ಒಂದು ಕೈ ಅಂಚು ಬಿಟ್ಟು ಮೇಲೆತ್ತಿ ಅತ್ತೆಯ ಕಡೆ ತೋರಿಸುತ್ತಾ ಕೂಗುತ್ತಿದ್ದರು: "ಲೇ ಅಳಿಯಾ! ನೋಡಲೇ! ಇವಳನ್ನ ನೋಡಲೇ!"

ನಲವತ್ತು ವರ್ಷ ತಾವೊಬ್ಬರೇ ನೋಡಿ ಇಟ್ಟುಕೊಂಡಿದ್ದ ಹುಡುಗಿಯನ್ನು ಮಾವ ಆವತ್ತು ಮೊದಲ ಸಲ ಇನ್ನೊಬ್ಬರಿಗೆ ತೋರಿಸುತ್ತಿದ್ದರು.